ಎರಡೇ ಹೊಸ ಟೈರು ಕೊಳ್ಳುವುದಾದರೆ ಅವು ಹಿಂದಿನ ಚಕ್ರಗಳಿಗೆ

ಮೃಗಶಿರ ಮಳೆ ಹಿಡಿಯುವ ಮೊದಲು ತೀರ್ಥಹಳ್ಳಿಯ ಕಡೆ ಎರಡು ಕೆಲಸ ಮುಗಿದಿರಬೇಕು. ಒಂದು, ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಸುವುದು. ಇನ್ನೊಂದು, ಕಾರಿನ ಟೈರು ನೋಡಿಕೊಳ್ಳುವುದು. ಮೊದಲನೆಯದನ್ನು ಯಾರೂ ಮರೆಯುವುದಿಲ್ಲ. ಕೊಳೆ ರೋಗ ತಗುಲಿದರೆ ವರ್ಷದ ಅನ್ನವೇ ಹೋಗುತ್ತದೆ. ಎರಡನೆಯದು ನೆನಪಾಗುವುದು ಮಳೆ ಶುರುವಾಗಿ, ಯಾವುದೋ ತಿರುವಿನಲ್ಲಿ ಒಮ್ಮೆ ಎದೆ ಝಲ್ಲೆಂದ ಮೇಲೆ. ಆಗ ಟೈರಿನ ಅಂಗಡಿಗೆ ಓಡುತ್ತೇವೆ. ನಾಲ್ಕನ್ನೂ ಬದಲಿಸುವಷ್ಟು ದುಡ್ಡು ಆ ತಿಂಗಳು ಕೈಯಲ್ಲಿರುವುದಿಲ್ಲ, ಎರಡು ಕೊಳ್ಳುತ್ತೇವೆ. ಆ ಎರಡು ಮುಂದಕ್ಕೋ ಹಿಂದಕ್ಕೋ ಎಂದು ಅಂಗಡಿಯವರು ಕೇಳುವುದೇ ಅಪರೂಪ. ಮುಂದಕ್ಕೆ ಹಾಕಿ ಕಳಿಸಿಬಿಡುತ್ತಾರೆ.

ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರಗಳು ಎಳೆಯುವ ಸ್ವಿಫ್ಟ್ ಇರಲಿ, ಹಿಂದಿನ ಚಕ್ರಗಳು ತಳ್ಳುವ ಬೊಲೆರೊ ಇರಲಿ, ಉತ್ತರ ಒಂದೇ. ಹೆಚ್ಚು ಬಟನ್ (ಟೈರಿನ ಮೇಲ್ಮೈಯ ಉಬ್ಬು ರಬ್ಬರು) ಉಳಿದಿರುವ ಜೋಡಿ ಹಿಂದೆ, ಸವೆದ ಜೋಡಿ ಮುಂದೆ.

ನಾನು ಪಶುವೈದ್ಯೆ. ಇಪ್ಪತ್ತಾರು ವರ್ಷಗಳಿಂದ ಈ ತಾಲ್ಲೂಕಿನ ಹಳ್ಳಿಗಳಲ್ಲಿ ಹಸು, ಎಮ್ಮೆ, ಕರುಗಳನ್ನು ನೋಡುತ್ತಾ ತಿರುಗುತ್ತಿದ್ದೇನೆ. ಹೆರಿಗೆ ಕಷ್ಟವಾದ ಹಸು ಮಳೆ ನಿಲ್ಲಲಿ ಎಂದು ಕಾಯುವುದಿಲ್ಲ; ಹಾಗಾಗಿ ಆರಿದ್ರೆಯಲ್ಲೂ ಆಶ್ಲೇಷದಲ್ಲೂ ರಾತ್ರಿ ಎರಡು ಗಂಟೆಗೆ ಕಾರು ತೆಗೆದಿದ್ದೇನೆ. ಟೈರುಗಳ ವಿಷಯದಲ್ಲಿ ನನಗೆ ಇಷ್ಟೊಂದು ಹಟ ಬರಲು ಕಾರಣ 2016ರ ಜುಲೈ ತಿಂಗಳ ಒಂದು ಸಂಜೆ.

ಆಗ ನನ್ನ ಸ್ವಿಫ್ಟ್ 38,000 ಕಿಲೋಮೀಟರು ಓಡಿತ್ತು. ಮುಂದಿನ ಎರಡು ಟೈರುಗಳು ಬೋಳಾಗುವ ಹಂತಕ್ಕೆ ಬಂದಿದ್ದವು. ಅಂಗಡಿಯಾತ ಹೊಸ ಎರಡನ್ನು ಮುಂದಕ್ಕೇ ಹಾಕಿದ. "ಇಂಜಿನ್ ಎಳೆಯುವುದು ಮುಂದಿನ ಚಕ್ರ, ತಿರುಗುವುದು ಮುಂದಿನ ಚಕ್ರ, ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ" ಎಂದ. ಕೇಳಲು ಸರಿಯಾಗಿಯೇ ಇತ್ತು. ಹಿಂದಿನ ಜೋಡಿಯೂ ಒಂದು ಕಾಲದಲ್ಲಿ ಮುಂದೆ ಓಡಿ ಸವೆದಿದ್ದೇ. ಆಮೇಲೆ ಅಳೆದು ನೋಡಿದಾಗ ಎರಡು ಮಿಲಿಮೀಟರು ಉಳಿದಿತ್ತು.

ಪುನರ್ವಸು ಮಳೆ. ಶಿವಮೊಗ್ಗದಿಂದ ಲಸಿಕೆಯ ಪೆಟ್ಟಿಗೆ ತೆಗೆದುಕೊಂಡು ವಾಪಸು ಬರುತ್ತಿದ್ದೆ. ಮಂಡಗದ್ದೆ ದಾಟಿದ ಮೇಲೆ ಒಂದು ಎಡ ತಿರುವಿನಲ್ಲಿ ಚರಂಡಿ ಕಟ್ಟಿಕೊಂಡು, ಗುಡ್ಡದ ನೀರು ಕೆಂಪಗೆ ರಸ್ತೆಯ ಮೇಲೆಯೇ ಹಾಸಿ ಹರಿಯುತ್ತಿತ್ತು. ನನ್ನ ವೇಗ ಅರವತ್ತರ ಆಸುಪಾಸು. ಸ್ಟೀರಿಂಗ್ ಕೈಯಲ್ಲಿ ಗಟ್ಟಿಯಾಗಿತ್ತು, ಕಾರು ಹೇಳಿದ ಕಡೆ ತಿರುಗುತ್ತಿತ್ತು. ನೀರು ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಅಷ್ಟೇ. ಬೆನ್ನ ಹಿಂದೆ ಯಾರೋ ಕಾರಿನ ಬಾಲ ಹಿಡಿದು ಬಲಕ್ಕೆ ಎಳೆದ ಹಾಗಾಯಿತು. ಕಾಡು ಕಿಟಕಿಯಲ್ಲಿ ಅಡ್ಡಡ್ಡ ಓಡಿತು. ಕಾರು ನಿಂತಾಗ ಅದರ ಮುಖ ಶಿವಮೊಗ್ಗದ ಕಡೆಗಿತ್ತು, ನಾನು ಎದುರು ಬದಿಯ ಅಂಚಿನಲ್ಲಿದ್ದೆ, ಲಸಿಕೆಯ ಪೆಟ್ಟಿಗೆ ಸೀಟಿನ ಕೆಳಗೆ ಬಿದ್ದಿತ್ತು. ವೈಪರ್ ಮಾತ್ರ ಏನೂ ಆಗದವರಂತೆ ಆಡುತ್ತಲೇ ಇತ್ತು. ಎದುರಿನಿಂದ ಅರ್ಧ ನಿಮಿಷದ ನಂತರ ಬಸ್ಸು ಬಂತು.

ಆ ದಿನದಿಂದ ನನ್ನನ್ನು ಕಾಡಿದ್ದು ಒಂದೇ ವಿಷಯ: ಮುಂದಿನ ಟೈರುಗಳು ಒಂದಿಷ್ಟೂ ಜಾರಿರಲಿಲ್ಲ. ಅವು ಹೊಸವು, ನೀರನ್ನು ಚೆನ್ನಾಗಿ ಕಡಿದು ನೆಲ ಹಿಡಿದಿದ್ದವು. ಅದಕ್ಕೇ ನನಗೆ ಯಾವ ಸೂಚನೆಯೂ ಸಿಗಲಿಲ್ಲ.

ಇದರ ಮರ್ಮ ಇಲ್ಲಿದೆ. ಕಾರಿನಲ್ಲಿ ನಿಮ್ಮೊಂದಿಗೆ ಮಾತಾಡುವುದು ಮುಂದಿನ ಚಕ್ರಗಳು ಮಾತ್ರ. ಅವು ನೀರಿನ ಮೇಲೆ ತೇಲಲು ಶುರುಮಾಡಿದರೆ ಸ್ಟೀರಿಂಗ್ ಹಗುರಾಗುತ್ತದೆ, ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ, ತಿರುವಿನ ಹೊರಗಡೆಗೆ ನೇರ ಹೋಗಲು ನೋಡುತ್ತದೆ. ಯಾರಿಗಾದರೂ ಹೆದರಿಕೆಯಾಗುತ್ತದೆ, ಹೆದರಿದವರು ಕಾಲು ತೆಗೆಯುತ್ತಾರೆ. ಕಾಲು ತೆಗೆದರೆ ವೇಗ ಇಳಿಯುತ್ತದೆ, ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರು ಮತ್ತೆ ನೆಲ ಮುಟ್ಟುತ್ತದೆ. ಹೆದರಿದವರು ಸಹಜವಾಗಿ ಮಾಡುವ ಕೆಲಸವೇ ಇಲ್ಲಿ ಸರಿಯಾದ ಕೆಲಸ. ಹಿಂದಿನ ಟೈರು ಜಾರುವಾಗ ಎಲ್ಲವೂ ತಿರುಗುಮುರುಗು. ಅದು ಜಾರುವುದನ್ನು ಕೈಗೆ ತಿಳಿಸುವ ದಾರಿಯೇ ಇಲ್ಲ. ಸೊಂಟಕ್ಕೆ ಗೊತ್ತಾಗುವ ಹೊತ್ತಿಗೆ ಬಾಲ ಆಗಲೇ ಹೊರಗೆ ಹೋಗಿರುತ್ತದೆ. ಆಗ ಕಾಲು ತೆಗೆದರೆ ಹಿಂದಿನ ಭಾರ ಇನ್ನಷ್ಟು ಕಡಿಮೆಯಾಗಿ ಜಾರುವುದು ಹೆಚ್ಚುತ್ತದೆ. ಬ್ರೇಕ್ ಒತ್ತಿದರೆ ಮತ್ತೂ ಕೆಟ್ಟದು. ಜಾರಿದ ದಿಕ್ಕಿಗೇ ಸ್ಟೀರಿಂಗ್ ತಿರುಗಿಸಿ, ಬ್ರೇಕ್ ಮುಟ್ಟದೆ ಸಂಭಾಳಿಸಬೇಕು. ಅದಕ್ಕೆ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ. ರ‍್ಯಾಲಿ ಓಡಿಸುವವರಿಗೆ ಅದು ಸಾಧ್ಯ. ನನಗೆ ಸಾಧ್ಯವಾಗಲಿಲ್ಲ.

ಹಾಗಾಗಿ ಜಾರಲೇಬೇಕಾದರೆ ಮುಂದಿನದೇ ಮೊದಲು ಜಾರಲಿ. ಹೇಳಿ ಜಾರುವ ಕಡೆಗೆ ಸವೆದ ಟೈರು, ಹೇಳದೆ ಜಾರುವ ಕಡೆಗೆ ಒಳ್ಳೆಯ ಟೈರು.

ನನಗೆ ಇದು ಥಟ್ಟನೆ ಅರ್ಥವಾದದ್ದು ಒಂದು ಕೊಟ್ಟಿಗೆಯಲ್ಲಿ. ಸಿಮೆಂಟು ಹಾಕಿ ನುಣುಪಾದ ನೆಲ, ಮೇಲೆ ಗಂಜಲ. ಮುಂಗಾಲು ಜಾರಿದ ಹಸು ಮಂಡಿಯೂರುತ್ತದೆ, ಅಷ್ಟೇ. ದನ ಏಳುವಾಗಲೂ ಮಲಗುವಾಗಲೂ ಮಂಡಿಯೂರಿಯೇ ರೂಢಿ, ಮತ್ತೆ ಎದ್ದುಕೊಳ್ಳುತ್ತದೆ. ಹಿಂಗಾಲು ಎರಡೂ ಕಡೆಗೆ ಸೀಳಿಕೊಂಡು ಜಾರಿದ ಹಸು ಹಾಗಲ್ಲ. ತೊಡೆಯ ಒಳಭಾಗದ ಮಾಂಸಖಂಡ ಹರಿದು ಕುಳಿತಲ್ಲೇ ಕುಳಿತುಬಿಡುತ್ತದೆ. ಅಂಥ ಎಷ್ಟೋ ಹಸುಗಳ ಪಕ್ಕ ಕುಳಿತಿದ್ದೇನೆ. ಮಂಡಗದ್ದೆಯ ಘಟನೆಯಾದ ವಾರ ಹೀಗೇ ಒಂದನ್ನು ಹಗ್ಗ ಹಾಕಿ ಎತ್ತಲು ನೋಡುತ್ತಿದ್ದಾಗ, ನನ್ನ ಕಾರಿಗೆ ಆದದ್ದೂ ಇದೇ ಅಲ್ಲವೇ ಅನ್ನಿಸಿತು.

ಇನ್ನು ನೀರಿನ ಲೆಕ್ಕ. ನೆಲ ಮುಟ್ಟುವ ಟೈರಿನ ಅಗಲ 12 ಸೆಂಟಿಮೀಟರು, ರಸ್ತೆಯ ಮೇಲೆ ನಿಂತ ನೀರು 3 ಮಿಲಿಮೀಟರು, ವೇಗ ಗಂಟೆಗೆ 72 ಕಿಲೋಮೀಟರು, ಅಂದರೆ ಸೆಕೆಂಡಿಗೆ 20 ಮೀಟರು ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ ಒಂದೊಂದು ಟೈರೂ ಸೆಕೆಂಡಿಗೆ ಏಳು ಲೀಟರಿಗಿಂತ ಹೆಚ್ಚು ನೀರನ್ನು ದಾರಿಯಿಂದ ಸರಿಸಬೇಕು. ಬಾವಿಯಿಂದ ಸೇದುವ ಕೊಡದ ಅರ್ಧ, ಪ್ರತಿ ಸೆಕೆಂಡಿಗೂ. ಆ ನೀರಿಗೆ ಹೋಗಲು ಇರುವ ಮುಖ್ಯ ದಾರಿ ಟೈರಿನ ಕಾಲುವೆಗಳು. ಹೊಸ ಟೈರಿನಲ್ಲಿ ಅವು ಏಳೆಂಟು ಮಿಲಿಮೀಟರು ಆಳ. ಎರಡು ಮಿಲಿಮೀಟರಿಗೆ ಇಳಿದಾಗ ಅದೇ ನೀರಿಗೆ ಕಾಲುಭಾಗದ ಕಾಲುವೆ. ಉಳಿದ ನೀರು ಟೈರಿನ ಅಡಿಗೇ ನುಗ್ಗಿ ಅದನ್ನು ಎತ್ತುತ್ತದೆ.

ಗಾಳಿ ಕಡಿಮೆಯಿದ್ದರೆ ಟೈರು ಇನ್ನೂ ಬೇಗ ತೇಲುತ್ತದೆ. 1960ರ ದಶಕದಲ್ಲಿ ಅಮೆರಿಕದ ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದವರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕಂಡುಕೊಂಡರು: ಗಾಳಿಯ ಒತ್ತಡದ ವರ್ಗಮೂಲ ಹೆಚ್ಚಿದಷ್ಟೂ ಟೈರು ಪೂರ್ತಿ ತೇಲುವ ವೇಗವೂ ಹೆಚ್ಚುತ್ತದೆ. ಆ ಸೂತ್ರದಂತೆ ಗಾಳಿಯ ಒತ್ತಡ 30 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 91 ಕಿಲೋಮೀಟರು, 22ಕ್ಕೆ ಇಳಿದಿದ್ದರೆ ಸುಮಾರು 78. ಕಾರಿನ ಟೈರಿಗೆ ಅದನ್ನು ಅಂದಾಜಿನ ಲೆಕ್ಕವಾಗಿ ಮಾತ್ರ ಹಿಡಿಯಬೇಕು, ಮತ್ತು ಪೂರ್ತಿ ತೇಲುವುದಕ್ಕೆ ಬಹಳ ಮೊದಲೇ ಹಿಡಿತ ಸಡಿಲವಾಗಿರುತ್ತದೆ. ನನ್ನದು ಅರವತ್ತರಲ್ಲೇ ಹೋಯಿತು.

ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲೇ ಬರುತ್ತದಲ್ಲ, ನೀರನ್ನು ಮುಂದಿನದು ಆಗಲೇ ಸರಿಸಿರುತ್ತದಲ್ಲ ಎಂದು ಕೇಳುವವರಿದ್ದಾರೆ. ನೇರ ರಸ್ತೆಯಲ್ಲಿ ಅದು ಬಹುಮಟ್ಟಿಗೆ ನಿಜ. ತಿರುವಿನಲ್ಲಿ ಹಿಂದಿನ ಚಕ್ರ ಬೇರೆಯೇ ಗೆರೆ ಹಿಡಿಯುತ್ತದೆ. ಅಂಗಳದ ಮಣ್ಣಿನಲ್ಲಿ ಕಾರನ್ನು ನಿಧಾನವಾಗಿ ತಿರುಗಿಸಿ ಇಳಿದು ನೋಡಿ, ನಾಲ್ಕು ಗೆರೆಗಳು ಬೇರೆಬೇರೆಯಾಗಿ ಕಾಣುತ್ತವೆ. ಅಂದರೆ ಹಿಡಿತ ಅತಿ ಹೆಚ್ಚು ಬೇಕಾದ ಜಾಗದಲ್ಲೇ ಹಿಂದಿನ ಟೈರು ತನ್ನ ಪಾಲಿನ ನೀರನ್ನು ತಾನೇ ಸರಿಸಬೇಕು. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಇನ್ನೊಂದು ಸಮಸ್ಯೆಯೂ ಸೇರಿಕೊಳ್ಳುತ್ತದೆ: ಇಳಿಜಾರಿನಲ್ಲಿ ಕಾರಿನ ಭಾರ ಮೊದಲೇ ಮುಂದಕ್ಕೆ ವಾಲಿರುತ್ತದೆ, ಇಂಜಿನಿನ ತಡೆ ಅದನ್ನು ಇನ್ನಷ್ಟು ಮುಂದಕ್ಕೆ ನೂಕುತ್ತದೆ. ಒಬ್ಬರೇ ಕುಳಿತ ಸಣ್ಣ ಕಾರಿನ ಹಿಂಭಾಗ ಆಗ ಎಷ್ಟು ಹಗುರವೆಂದರೆ, ಅದನ್ನು ನೆಲಕ್ಕೆ ಹಿಡಿದಿಡಲು ಟೈರಿನ ಬಟನ್ ಬಿಟ್ಟರೆ ಬೇರೇನೂ ಇಲ್ಲ.

ಅಂಗಡಿಯಲ್ಲಿ ನಿಮಗೆ ಎದುರಾಗುವ ವಾದಗಳಿಗೆ ಉತ್ತರ ಇಟ್ಟುಕೊಂಡೇ ಹೋಗಿ. ಎಳೆಯುವುದು ಮುಂದಿನ ಚಕ್ರವೆಂಬ ಮಾತು ಸತ್ಯ. ಆದರೆ ಎಳೆತದ ಹಿಡಿತ ಕಡಿಮೆಯಾದರೆ ಆಗುವುದೇನು? ಕೆಸರಿನ ಏರಿನಲ್ಲಿ ಚಕ್ರ ಸುಮ್ಮನೆ ಸುತ್ತಬಹುದು. ಬೇಸರದ ವಿಷಯ, ಪ್ರಾಣಕ್ಕೆ ಕುತ್ತಲ್ಲ. ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದು ಎಂಬ ವಾದಕ್ಕೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ಮುಂದೆ ಸವೆದ ಟೈರು ಇದ್ದರೆ ಒದ್ದೆ ರಸ್ತೆಯಲ್ಲಿ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಅದಕ್ಕೆ ಪರಿಹಾರ ಹೊಸದನ್ನು ಮುಂದಕ್ಕೆ ತರುವುದಲ್ಲ. ಮುಂದಿನದನ್ನು ತೀರಾ ಸವೆಯಲು ಬಿಡದಿರುವುದು, ಮಳೆಯಲ್ಲಿ ಮುಂದೆ ಹೋಗುತ್ತಿರುವ ವಾಹನದಿಂದ ದೂರ ಇರುವುದು. ಇನ್ನು ಮುಂದಿನ ಟೈರು ಒಡೆದರೆ ಗತಿಯೇನು ಎಂಬ ಹೆದರಿಕೆ. ಟೈರು ಒಡೆಯುವುದು ಹೆಚ್ಚಾಗಿ ಗಾಳಿ ಕಡಿಮೆಯಿದ್ದು ಬಿಸಿಯಾಗಿ, ಹೊರೆ ಮೀರಿ, ಗುಂಡಿಗೆ ಬಡಿದು ಒಳಗಿನ ನೂಲು ಕಡಿದು, ಇಲ್ಲವೇ ವಯಸ್ಸಾಗಿ. ಎರಡು ಮಿಲಿಮೀಟರು ಹೆಚ್ಚು ಬಟನ್ ಇದ್ದರೆ ಅದು ತಪ್ಪುವುದಿಲ್ಲ. ಒಡೆದದ್ದೇ ಆದರೆ, ಮುಂದಿನದು ಸ್ಟೀರಿಂಗನ್ನು ಒಂದು ಕಡೆ ಎಳೆಯುತ್ತದೆ, ಬಿಗಿಯಾಗಿ ಹಿಡಿದು ತಡೆಯಬಹುದು; ಹಿಂದಿನದು ಒಡೆದರೆ ಬಾಲವೇ ತೂಗುತ್ತದೆ.

ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದೆ, ಸ್ಥಿರತೆ ಕಾಯುವ ಇಎಸ್‌ಪಿ ಇದೆ, ನಮಗೇನು ಎನ್ನುವವರಿಗೂ ಒಂದು ಮಾತು. ಇಎಸ್‌ಪಿ ತುಂಬಾ ಒಳ್ಳೆಯದು, ನನ್ನ ಕಾರಿನಲ್ಲಿ ಇಲ್ಲವಲ್ಲ ಎಂದು ಈಗಲೂ ಕೊರಗುತ್ತೇನೆ. ಆದರೆ ಅದು ಕೆಲಸ ಮಾಡುವುದು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ. ನೀರಿನ ಮೇಲೆ ತೇಲುತ್ತಿರುವ ಚಕ್ರಕ್ಕೆ ಬ್ರೇಕ್ ಹಾಕಿ ಏನು ಪ್ರಯೋಜನ?

ಮನೆಯಲ್ಲಿ ಅಳೆಯುವ ಬಗೆ

ಅಂಗಡಿಗೆ ಹೋಗುವ ಮೊದಲು ಯಾವ ಜೋಡಿ ಒಳ್ಳೆಯದು ಎಂದು ನೀವೇ ತಿಳಿದುಕೊಂಡಿರಬೇಕು. ಕಣ್ಣಂದಾಜು ಸಾಲದು, ಕಪ್ಪು ರಬ್ಬರಿನಲ್ಲಿ ಮೂರು ಮಿಲಿಮೀಟರೂ ಐದು ಮಿಲಿಮೀಟರೂ ಒಂದೇ ಥರ ಕಾಣುತ್ತವೆ. ಬಟನ್ನಿನ (ಟ್ರೆಡ್) ಆಳ ಅಳೆಯುವ ಪುಟ್ಟ ಗೇಜ್ ದುಬಾರಿಯದಲ್ಲ, ಒಂದು ಕೊಂಡಿಟ್ಟುಕೊಳ್ಳಿ.

ನಾನು ಮಾಡುವುದು ಹೀಗೆ. ಕಾರನ್ನು ಸಮನಾದ ಅಂಗಳದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸುತ್ತೇನೆ. ಆಗ ಮುಂದಿನ ಟೈರಿನ ಒಳಅಂಚು ಹೊರಗೆ ಕಾಣುತ್ತದೆ. ಮೋಸ ಅಡಗಿರುವುದು ಆ ಒಳಅಂಚಿನಲ್ಲೇ. ಹೊರಗಿನಿಂದ ಚೆನ್ನಾಗಿ ಕಾಣುವ ಟೈರು ಒಳಗಡೆ ಬೋಳಾಗಿರಬಹುದು. ತೆಂಗಿನ ಗರಿಯ ಕಡ್ಡಿಯಿಂದ ಕಾಲುವೆಯಲ್ಲಿ ಸಿಕ್ಕಿದ ಕಲ್ಲು ಮಣ್ಣು ತೆಗೆದು, ಗೇಜಿನ ಮೊನೆಯನ್ನು ದೊಡ್ಡ ಕಾಲುವೆಯ ತಳಕ್ಕೆ ಮುಟ್ಟಿಸಿ ಅಂಚನ್ನು ರಬ್ಬರಿನ ಮೇಲೆ ಒತ್ತುತ್ತೇನೆ. ಒಳಗೆ, ನಡುವೆ, ಹೊರಗೆ, ಹೀಗೆ ಮೂರು ಕಡೆ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಅಡ್ಡ ಉಬ್ಬಿರುವ ಸಣ್ಣ ಪಟ್ಟಿಗಳಿವೆ, ಅವುಗಳ ಮೇಲೆ ಮೊನೆ ಇಡಬಾರದು. ಅವು ಸವೆತದ ಗುರುತು. ಬಟನ್ ಆ ಪಟ್ಟಿಯ ಮಟ್ಟಕ್ಕೆ ಬಂತೆಂದರೆ 1.6 ಮಿಲಿಮೀಟರು ಉಳಿದಿದೆ ಎಂದರ್ಥ. ಕಾರುಗಳಿಗೆ ನಮ್ಮ ಕಾನೂನು ಹಾಕಿರುವ ಕೊನೆಯ ಮಿತಿ ಅದೇ. ಮೂರರಲ್ಲಿ ಯಾವುದು ಕಡಿಮೆಯೋ ಅದನ್ನೇ ಆ ಟೈರಿನ ಆಳವೆಂದು ಬರೆದುಕೊಳ್ಳುತ್ತೇನೆ. ಹಿಂದಿನ ಟೈರು ತಿರುಗದ ಕಾರಣ ಒಳಅಂಚಿಗೆ ಕೈ ತೂರಿಸಿಯೇ ನೋಡಬೇಕು. ಅಂಗೈಯನ್ನು ಅಡ್ಡಕ್ಕೆ, ಮೊದಲು ಒಳಗಿನಿಂದ ಹೊರಗೆ, ಆಮೇಲೆ ಹೊರಗಿನಿಂದ ಒಳಗೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಗುಲಿದರೆ ಚಕ್ರಗಳ ಕೋನದ ಹೊಂದಿಕೆ, ಅಂದರೆ ಅಲೈನ್‌ಮೆಂಟ್ ಕೆಟ್ಟಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿಟ್ಟು ಓಡಿಸಿದ್ದೀರಿ, ನಡುಭಾಗ ಸವೆದಿದ್ದರೆ ಹೆಚ್ಚಿಟ್ಟು.

ಆಳವೊಂದೇ ಲೆಕ್ಕವಲ್ಲ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕೆಲವೊಮ್ಮೆ ಆ ಅಂಕಿಗಳು ಕಾರಿನ ಒಳಬದಿಗೆ ಇರುತ್ತವೆ, ಬಗ್ಗಿ ನೋಡಬೇಕು. ಬಟನ್ ಆರು ಮಿಲಿಮೀಟರು ಇದ್ದರೂ ಹತ್ತು ವರ್ಷದ ಟೈರು ಒಳ್ಳೆಯ ಟೈರಲ್ಲ. ರಬ್ಬರು ಗಟ್ಟಿಯಾಗಿ ಒದ್ದೆ ನೆಲವನ್ನು ಹಿಡಿಯುವುದಿಲ್ಲ. ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ, ಸೀಳು ಬಿದ್ದಿದ್ದರೆ, ನೂಲು ಕಾಣುತ್ತಿದ್ದರೆ ಅದು ಮುಂದಕ್ಕೂ ಬೇಡ, ಹಿಂದಕ್ಕೂ ಬೇಡ, ಸ್ಟೆಪ್ನಿಗೂ ಬೇಡ.

ಈ ಮೇ ತಿಂಗಳಲ್ಲಿ ನನ್ನ ಕಾರಿನಲ್ಲಿ ಸಿಕ್ಕ ಅಂಕಿಗಳು: ಮುಂದೆ ಎಡ 2.8, ಬಲ 3.0, ಹಿಂದೆ ಎಡ 5.1, ಬಲ 5.3. ಕಾನೂನು 1.6ರವರೆಗೆ ಬಿಡುತ್ತದೆ, ಆದರೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ದಾರಿಯಲ್ಲಿ ಓಡಾಡುವ ನಾನು 3ಕ್ಕೆ ಬಂದ ಟೈರನ್ನು ಮಳೆಗಾಲಕ್ಕೆ ಉಳಿಸಿಕೊಳ್ಳುವುದಿಲ್ಲ. ಮುಂದಿನ ಎರಡನ್ನು ಕಳಚಿಸಿದೆ, ಹಿಂದಿನ ಎರಡನ್ನು ಮುಂದಕ್ಕೆ ತಂದೆ, ಹೊಸ ಎರಡನ್ನು ಹಿಂದಕ್ಕೆ ಹಾಕಿಸಿದೆ. ಟೈರು ಹಿಂದೆ ಹೊಸದಾಗಿ ಬಂದು, ಒಂದು ವರ್ಷ ಓಡಿ, ಮುಂದಕ್ಕೆ ಹೋಗಿ, ಅಲ್ಲೊಂದು ವರ್ಷ ಸವೆದು ಹೊರಗೆ ಹೋಗುತ್ತದೆ. ನನ್ನ ಓಡಾಟಕ್ಕೆ ಈ ಸುತ್ತು ಸರಿಹೊಂದಿದೆ. ಒಂದೇ ಸಲ ನಾಲ್ಕರ ಖರ್ಚು ಬೀಳುವುದಿಲ್ಲ, ಟೈರು ಹಳೆಯದಾಗಿ ಗಟ್ಟಿಯಾಗುವಷ್ಟು ಕಾಲವೂ ಉಳಿಯುವುದಿಲ್ಲ.

ಹೊಸ ಟೈರು ಕೊಳ್ಳದೆಯೇ ಸರಿಪಡಿಸಬಹುದಾದ ಕಾರುಗಳೂ ಬೇಕಾದಷ್ಟಿವೆ. ನಮ್ಮ ಆಸ್ಪತ್ರೆಯ ಸಹೋದ್ಯೋಗಿಯೊಬ್ಬರ ಕಾರನ್ನು ಅಳೆದರೆ ಮುಂದೆ 6, ಹಿಂದೆ ಮೂರೇ ಇತ್ತು. ಹಿಂದಿನ ವರ್ಷ ಯಾರೋ ಹೊಸದನ್ನು ಮುಂದಕ್ಕೆ ಹಾಕಿದ್ದರು. ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ. ಅರ್ಧ ಗಂಟೆಯ ಕೆಲಸ, ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ. ನಿಮ್ಮ ಕಾರೂ ಹೀಗೇ ಇದ್ದರೆ ಈ ವಾರವೇ ಮಾಡಿಸಿ.

ಮುಂದೆ ಹಿಂದೆ ಒಂದು ಮಿಲಿಮೀಟರಿನಷ್ಟೇ ವ್ಯತ್ಯಾಸವಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಮುಂದಿನದು ಬೇಗ ಸವೆಯುತ್ತದೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸ್ಥಳ ಬದಲಿಸುತ್ತಾ ಬಂದರೆ ನಾಲ್ಕೂ ಒಟ್ಟಿಗೆ ಸವೆದು, ಯಾವುದು ಎಲ್ಲಿಗೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹಾಗೆ ಮಾಡುವವರು ನಾಲ್ಕನ್ನೂ ಒಟ್ಟಿಗೇ ಕೊಳ್ಳಲು ಸಿದ್ಧರಿರಬೇಕು. ಅಂತರ ಎರಡು ಮಿಲಿಮೀಟರು ದಾಟಿದ ಮೇಲೆ ಸ್ಥಳ ಬದಲಿಸುವ ನೆಪದಲ್ಲಿ ಒಳ್ಳೆಯದನ್ನು ಮುಂದಕ್ಕೆ ತರಲು ಬಿಡಬೇಡಿ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಮೊದಲ ಮಾತಿಗೇ ಹೇಳಿ: "ಹೊಸ ಎರಡು ಹಿಂದಕ್ಕೆ, ಹಿಂದಿನ ಎರಡು ಮುಂದಕ್ಕೆ." ಇದರಿಂದ ಅವರಿಗೆ ಕೆಲಸ ಹೆಚ್ಚುತ್ತದೆ, ಎರಡು ಚಕ್ರ ಕಳಚುವ ಬದಲು ನಾಲ್ಕು ಕಳಚಬೇಕು. ಅದಕ್ಕೇ ಬೇಡ ಎನ್ನುವವರೂ ಇದ್ದಾರೆ. ಹೆಚ್ಚಿನ ಕೂಲಿ ಕೊಡುತ್ತೇನೆ ಎಂದು ನಾನೇ ಮುಂಚೆ ಹೇಳಿಬಿಡುತ್ತೇನೆ. ಚಹಾಕ್ಕೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ರೂಢಿಯಂತೆ ಮುಂದಕ್ಕೆ ಹಾಕಿ ಮುಗಿಸಿರುತ್ತಾರೆ, ಆದ್ದರಿಂದ ಅಲ್ಲೇ ನಿಲ್ಲಿ.

ಟೈರಿನ ಮೇಲಿನ ಅಳತೆ ಹಳೆಯದಕ್ಕೆ ಹೊಂದಬೇಕು. ನನ್ನದು 165/80 ಆರ್14 85ಟಿ. ಕೊನೆಯ 85 ಎಂದರೆ ಒಂದು ಟೈರು 515 ಕಿಲೋ ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿಲೋಮೀಟರಿನವರೆಗೆ ತಾಳಬಲ್ಲದು. ಇವೆರಡೂ ಮೊದಲಿಗಿಂತ ಕಡಿಮೆಯಾಗಬಾರದು. ಒಂದೇ ಆಕ್ಸಲಿನ ಎಡಬಲಕ್ಕೆ ಒಂದೇ ಕಂಪನಿಯ, ಒಂದೇ ಮಾದರಿಯ ಟೈರು. ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಮುಂದಕ್ಕೆ ಉರುಳುವ ದಿಕ್ಕು. ಅಂಥವನ್ನು ಎಡಬಲ ಅದಲುಬದಲು ಮಾಡುವಂತಿಲ್ಲ. ಹೊರಬದಿ ಎಂಬ ಗುರುತಿದ್ದರೆ ಅದು ಹೊರಕ್ಕೇ ಇರಬೇಕು.

ಮುಂದಕ್ಕೆ ಹೋಗುವ ಹಳೆಯ ಟೈರುಗಳಿಗೂ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು) ಮಾಡಿಸಿ. ಹಿಂದೆ ಇದ್ದಾಗ ಗೊತ್ತಾಗದ ಅದುರು ಮುಂದಕ್ಕೆ ಬಂದ ಕೂಡಲೇ ಸ್ಟೀರಿಂಗಿನಲ್ಲಿ ತಿಳಿಯುತ್ತದೆ. ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಹೊಸ ಟೈರಿನ ಜೊತೆ ರಬ್ಬರಿನ ವಾಲ್ವ್ ಕೂಡ ಹೊಸದಿರಲಿ. ನಟ್ಟುಗಳನ್ನು ಒಂದರ ಪಕ್ಕದ್ದೊಂದು ಎಂದು ಸುತ್ತ ಬಿಗಿಯದೆ, ಎದುರುಬದುರಾಗಿ ಬಿಗಿಯಬೇಕು. ಗಾಳಿಯ ಅಳತೆ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿದೆ. ಟೈರು ತಣ್ಣಗಿರುವಾಗ ಹಿಡಿಸಬೇಕಾದದ್ದು ಅದು, ಮತ್ತು ಪೂರ್ತಿ ಹೊರೆಗೆ ಬೇರೆ ಅಂಕಿ ಇರಬಹುದು. ಹಿಂದೆ ಅಡಿಕೆ ಮೂಟೆ ಹೇರುವವರು ಆ ಎರಡನೇ ಅಂಕಿಯನ್ನು ನೋಡಿ. ಗಾಳಿಯ ಒತ್ತಡ ತಿಳಿಸುವ ಸೆನ್ಸರ್ ಇರುವ ಕಾರಾದರೆ, ಚಕ್ರಗಳ ಸ್ಥಳ ಬದಲಾದದ್ದನ್ನು ಕೈಪಿಡಿಯಲ್ಲಿರುವಂತೆ ಅದಕ್ಕೆ ತಿಳಿಸಿಕೊಡಬೇಕು.

ಒಂದೇ ಟೈರು ಹಾಳಾದಾಗ ಲೆಕ್ಕ ಸ್ವಲ್ಪ ತೊಡಕಿನದು. ಉಳಿದ ಮೂರೂ ಐದು ಮಿಲಿಮೀಟರಿನ ಮೇಲಿದ್ದರೆ ಒಂದನ್ನೇ ಕೊಂಡು, ಉಳಿದವುಗಳಲ್ಲಿ ಹೆಚ್ಚು ಆಳವಿರುವುದರ ಜೊತೆ ಹಿಂದಕ್ಕೆ ಹಾಕಿಸಿ. ನನ್ನ ಕಾರಿನಂತೆ ಸ್ಟೆಪ್ನಿಯೂ ಪೂರ್ತಿ ಅಳತೆಯದಾಗಿದ್ದು ವಯಸ್ಸು ಹೆಚ್ಚಾಗಿರದಿದ್ದರೆ, ಅದನ್ನೂ ಹೊಸದನ್ನೂ ಜೋಡಿ ಮಾಡಿ ಹಿಂದಕ್ಕೆ ಹಾಕುವುದು ಇನ್ನೂ ಉತ್ತಮ. ಈಗಿನ ಅನೇಕ ಕಾರುಗಳಲ್ಲಿ ಬರುವ ಕಿರಿದಾದ ಸ್ಟೆಪ್ನಿ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಪಂಕ್ಚರ್ ಅಂಗಡಿಯವರೆಗೆ, 80ರೊಳಗಿನ ವೇಗದಲ್ಲಿ.

ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುವ ಕಾರುಗಳ ಮಾತೇ ಬೇರೆ. ಅಲ್ಲಿ ಹೊಸ ಹಳೆಯ ಟೈರುಗಳ ಸುತ್ತಳತೆಯ ವ್ಯತ್ಯಾಸ ನಡುವಿನ ಗೇರುಗಳಿಗೆ ನಿರಂತರ ತಿಕ್ಕಾಟವಾಗುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಓಮ್ನಿ, ಈಕೊ, ಬೊಲೆರೊಗಳಂತೆ ಹಿಂದಿನ ಚಕ್ರ ತಳ್ಳುವ ವಾಹನಗಳಲ್ಲಿ ಹಿಂದಕ್ಕೆ ಒಳ್ಳೆಯ ಟೈರು ಬೇಕು ಎಂಬುದನ್ನು ಅಂಗಡಿಯವರೇ ಒಪ್ಪುತ್ತಾರೆ.

ಹೊಸ ಟೈರು ಹಾಕಿಸಿದ ದಿನವೇ ಘಾಟಿ ಇಳಿಯಬೇಡಿ. ಅಚ್ಚಿನಿಂದ ಬಿಡಿಸಲು ಸವರಿದ ನುಣುಪು ಪದಾರ್ಥ ಮೇಲ್ಮೈಯಲ್ಲಿ ಇನ್ನೂ ಇರುತ್ತದೆ. ನಾನು ಮೊದಲ ಮುನ್ನೂರು ಕಿಲೋಮೀಟರು ಮೇಗರವಳ್ಳಿ, ಕೊಪ್ಪ ಕಡೆಯ ಹಳ್ಳಿಗಳಲ್ಲೇ ಸಾವಕಾಶವಾಗಿ ಓಡಿಸುತ್ತೇನೆ. ನೂರು ಕಿಲೋಮೀಟರು ಕಳೆದ ಮೇಲೆ ನಟ್ಟುಗಳನ್ನು ಪಾನದಿಂದ ಇನ್ನೊಮ್ಮೆ ಬಿಗಿದು ನೋಡುತ್ತೇನೆ. ಲಸಿಕೆಯ ದಿನಚರಿಯ ಕೊನೆಯ ಪುಟದಲ್ಲಿ ಟೈರುಗಳಿಗೆಂದೇ ಜಾಗ ಬಿಟ್ಟಿದ್ದೇನೆ. ಅದರಲ್ಲಿ ಈಚಿನ ಸಾಲು ಇದು: ಮೇ 24, ಓಡಿದ್ದು 1,86,400, ಹಿಂದೆ 7.5 ಮತ್ತು 7.5, ಮುಂದೆ 5.1 ಮತ್ತು 5.3, ನಟ್ಟು ಮೇ 27ರಂದು ಬಿಗಿದದ್ದು.